ಯಾವ ಕಲ್ಲು, ಎಷ್ಟನೇ ನಂಬರು?

ಇವತ್ತಿನ ವಿಷಯ ಅಡಿಟಿಪ್ಪಣಿ. ಹೆಸರು ನೋಡಿಯೇ ಮುಂದಕ್ಕೆ ತಳ್ಳಬೇಡಿ. ಇದರಲ್ಲಿ ಒಂದು ನಾಯಿ ಇದೆ, ಒಂದು ಕಾಡುಹಂದಿ ಇದೆ, ಆನೆಯ ಮೇಲೆ ಸತ್ತ ರಾಜಕುಮಾರನಿದ್ದಾನೆ. ಸಾವಿರ ವರ್ಷ ಹಳೆಯ ಕೊಲೆಯೊಂದರ ಮೇಲೆ ಮೋಸದ ಆರೋಪವೂ ಇದೆ.

ನಮ್ಮೂರಿನ ಹುಡುಗಿಯೊಬ್ಬಳು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ. ಅವರ ಮನೆಯಲ್ಲಿ ಪಿಯುಸಿ ದಾಟಿದವಳು ಇವಳೇ ಮೊದಲು. ಅಪ್ಪ ರೇಷ್ಮೆ ಹುಳ ಸಾಕುತ್ತಾರೆ. ಗೂಡಿನ ರೇಟು ಬಿದ್ದ ತಿಂಗಳು ಇವಳ ಹಾಸ್ಟೆಲ್ ಫೀಸೂ ಹಿಂದೆ ಬೀಳುತ್ತದೆ. ಕೊನೆಯ ಸೆಮಿಸ್ಟರಿಗೆ ಕಿರುಪ್ರಬಂಧ ಕೊಡಬೇಕು. ಮದ್ದೂರು ಸೀಮೆಯ ವೀರಗಲ್ಲುಗಳ ಮೇಲೆ ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಎರಡನೇ ಅಧ್ಯಾಯವನ್ನು ಗೈಡ್ ಕೆಂಪು ಪೆನ್ನಿನಲ್ಲಿ ತುಂಬಿಸಿ ವಾಪಸು ಕೊಟ್ಟಿದ್ದರು. ಅದನ್ನು ಹಿಡಿದುಕೊಂಡು ಒಂದು ಭಾನುವಾರ ಮನೆಗೆ ಬಂದಳು.

“ಅಣ್ಣ, ನೀವು ಪೇಪರ್‌ನೋರು. ಇದ್ರಲ್ಲಿ ಏನ್ ತಪ್ಪೈತೆ ನೋಡಿ. ಇನ್ನ ಮೂರು ವಾರಕ್ಕೆ ಬೈಂಡಿಂಗ್ ಆಗ್ಬೇಕು.”

ನೋಡಿದೆ. ಭಾಷೆ ಚೆನ್ನಾಗಿತ್ತು. ಆದರೆ ‘ಇತಿಹಾಸಕಾರರ ಪ್ರಕಾರ’ ಎಂದು ಬರೆದ ಕಡೆಯೆಲ್ಲ ಗೈಡ್ ‘ಯಾರು?’ ಎಂದು ಕೇಳಿದ್ದರು. ‘ಶಾಸನದಲ್ಲಿ ಹೇಳಲಾಗಿದೆ’ ಎಂಬ ಕಡೆ ‘ಯಾವ ಶಾಸನ, ಯಾವ ಸಂಪುಟ, ಎಷ್ಟನೇ ನಂಬರು?’ ಎಂದಿತ್ತು. ಒಂದು ವಾಕ್ಯದ ಕೆಳಗಂತೂ ಎರಡು ಗೆರೆ. ಗಂಗರ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಮೋಸದಿಂದ ಕೊಂದ ಎಂಬ ವಾಕ್ಯ ಅದು. ಪಕ್ಕದಲ್ಲಿ ಒಂದೇ ಪದ: ‘ಆಧಾರ?’

“ಇದೆಲ್ಲಾರ್ಗೂ ಗೊತ್ತಿರೋದೇ ಅಲ್ವಾಣ್ಣ? ಯೂಟ್ಯೂಬಲ್ಲೂ ಐತೆ” ಎಂದಳು.

ನಮ್ಮ ಕಡೆ ಈಗ ಆಧಾರ ಎಲ್ಲಿ ಎಂದು ಕೇಳಿದರೆ ಜನ ಕಾರ್ಡು ತೆಗೆಯುತ್ತಾರೆ. ಅದರ ಹಿಂದಿನ ಅರ್ಥ ನಮ್ಮ ಡೆಸ್ಕಿನವರಿಗೆ ಮಾತ್ರ ನೆನಪಿದೆ ಅನಿಸುತ್ತದೆ. ರಾತ್ರಿ ಒಂಬತ್ತಕ್ಕೆ ಫೋನು ಮಾಡಿ “ಸೋರ್ಸ್ ಏನ್ರೀ? ಎಫ್‌ಐಆರ್ ಕಾಪಿ ಇದೆಯೇನ್ರೀ?” ಎಂದು ಕೇಳುತ್ತಾರೆ. ಹಾಗಾಗಿ ಗೈಡ್ ಬರೆದದ್ದು ನನಗೆ ಹೊಸದೇನೂ ಅನಿಸಲಿಲ್ಲ. ಠಾಣೆಯಲ್ಲಿ ಕೇಸು ದಾಖಲಾದ ಮನುಷ್ಯನನ್ನು ನಾವು ‘ಆರೋಪಿ’ ಎನ್ನುತ್ತೇವೆ, ‘ಅಪರಾಧಿ’ ಎನ್ನುವುದಿಲ್ಲ. ಬೂತುಗ ಸತ್ತು ಸಾವಿರ ವರ್ಷವಾದರೂ ಅವನಿಗೂ ಅಷ್ಟು ಮರ್ಯಾದೆ ಸಲ್ಲಬೇಕಲ್ಲ.

ಈ ವಾಕ್ಯದ ಮೂಲ ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದೆ. ಅಲ್ಲ, ಇತ್ತು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕ್ ಕಡೆ ಹೋದವರು ಒಮ್ಮೆ ಒಳಗೆ ಹೋಗಿ ನೋಡಿ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಕೆತ್ತಿದೆ. ಸುತ್ತ ಹಳಗನ್ನಡದ ಅಕ್ಷರ.

ಕಥೆ ಹೀಗಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ, ಅಂದರೆ ಕನ್ನರದೇವ, ಚೋಳರ ಮೇಲೆ ದಂಡೆತ್ತಿ ಹೋದ. ಇವತ್ತಿನ ತಮಿಳುನಾಡಿನ ಅರಕ್ಕೋಣದ ಹತ್ತಿರವಿರುವ ತಕ್ಕೋಲದಲ್ಲಿ ಯುದ್ಧವಾಯಿತು. ಗಂಗರ ಎರಡನೇ ಬೂತುಗ ಕನ್ನರನ ಭಾವಮೈದುನ, ಅವನ ಕಡೆಯಿಂದ ಹೋರಾಡಿದವನು. ಈ ಯುದ್ಧದಲ್ಲಿ ಚೋಳ ಪರಾಂತಕನ ಮಗ ರಾಜಾದಿತ್ಯ ಸತ್ತ. ಬೂತುಗನ ಬಂಟ ಮಣಲೇರ ಎಂಬುವನು ಚೆನ್ನಾಗಿ ಕಾದಾಡಿದ್ದಕ್ಕೆ, ಏನು ಬೇಕೋ ಕೇಳು ಎಂದು ಒಡೆಯ ಹೇಳಿದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆಮೇಲೆ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಕೆರೆ ಕೆಳಗೆ ಭೂಮಿ ಬಿಟ್ಟರು. ದೇವಸ್ಥಾನ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು, ಉಂಡರೆ ಪಾಪ ಎಂದೂ ಕಟ್ಟು ಹಾಕಿದರು.

ನಾಯಿ ವಿಷಯಕ್ಕೆ ಒಂದು ಮಾತು. ಕಾಳಿ ಮುಧೋಳ ತಳಿಯದು ಎಂದು ಫಾರ್ವರ್ಡ್ ಬರುತ್ತಲೇ ಇರುತ್ತದೆ. ಕಲ್ಲು ಹೇಳುವುದು ಹೆಸರನ್ನು, ತಳಿಯನ್ನಲ್ಲ. ನಮ್ಮ ಹುಡುಗಿಯ ಅಧ್ಯಾಯದಲ್ಲೂ ಮುಧೋಳ ಸೇರಿಕೊಂಡಿತ್ತು, ಗೈಡ್ ಅದನ್ನೂ ಹಿಡಿದಿದ್ದರು.

ಈಗ ಮೋಸದ ವಿಷಯ. ಈ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾ ಎಂಬ ಸರ್ಕಾರಿ ಶಾಸನ ಮಾಲೆಯ 2ನೇ ಸಂಪುಟದಲ್ಲಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. ಮುಂಬೈ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ, ಕನ್ನಡ ಶಾಸನಗಳನ್ನು ಓದುವುದರಲ್ಲಿ ದೊಡ್ಡ ಹೆಸರು. ರಾಜಾದಿತ್ಯ ಸತ್ತ ಬಗೆಯನ್ನು ಹೇಳುವ ಸಾಲಿನ ಪದಗಳನ್ನು ಅವರು ಬಿಡಿಸಿಕೊಂಡ ರೀತಿಯಲ್ಲಿ ಬೂತುಗ ಮೋಸದಿಂದ ಇರಿದ ಎಂಬ ಅರ್ಥ ಬಂತು. ಅಲ್ಲಿಂದ ಅದು ಇತಿಹಾಸದ ಪುಸ್ತಕಗಳಿಗೆ ಹೋಯಿತು, ಪುಸ್ತಕದಿಂದ ಗೈಡುಬುಕ್ಕಿಗೆ, ಗೈಡುಬುಕ್ಕಿನಿಂದ ನೋಟ್ಸಿಗೆ, ನೋಟ್ಸಿನಿಂದ ಯೂಟ್ಯೂಬಿಗೆ.

ಆದರೆ ಅದೇ ಫ್ಲೀಟ್ ಕೆಲವು ವರ್ಷದ ಮೇಲೆ ಅದೇ ಮಾಲೆಯ 6ನೇ ಸಂಪುಟದಲ್ಲಿ ಮತ್ತೆ ಆ ಸಾಲಿಗೆ ಬಂದು ತಮ್ಮ ಅರ್ಥವನ್ನು ತಿದ್ದಿದರು. ಹೊಸ ಅರ್ಥದ ಪ್ರಕಾರ ಅಲ್ಲಿ ಮೋಸವಿಲ್ಲ. ಆನೆಯ ಮೇಲಿನ ಅಂಬಾರಿಯನ್ನೇ ಕಳ ಮಾಡಿಕೊಂಡು, ಅಂದರೆ ರಣರಂಗ ಮಾಡಿಕೊಂಡು, ಬೂತುಗ ರಾಜಾದಿತ್ಯನನ್ನು ಇರಿದು ಕೊಂದ. ವೈರಿಯ ಆನೆ ಹತ್ತಿ ಎದುರಾಎದುರು ಕಾದಿದವನು ಅವನು. ಮುಂದಿನ ದೊಡ್ಡ ವಿದ್ವಾಂಸರು ಈ ಎರಡನೇ ಅರ್ಥವನ್ನೇ ಒಪ್ಪಿಕೊಂಡರು.

ಇದಕ್ಕೆ ಇನ್ನೊಂದು ಕಡೆಯ ಸಾಕ್ಷಿಯೂ ಇದೆ. ಚೋಳರ ತಿರುವಾಲಂಗಾಡು ತಾಮ್ರಶಾಸನ, ಲೈಡನ್ ತಾಮ್ರಶಾಸನ ಎರಡೂ ರಾಜಾದಿತ್ಯನ ಸಾವಿನ ಮಾತು ಎತ್ತುತ್ತವೆ. ಸತ್ತವನ ಮನೆಯವರದೇ ದಾಖಲೆ ಅದು. ಮೋಸ ನಡೆದಿದ್ದರೆ ಮೊದಲು ಕೂಗಬೇಕಾದವರು ಅವರು. ಲೈಡನ್ ತಾಮ್ರಶಾಸನ ಹೇಳುವುದು ಆನೆಯ ಮೇಲೆ ಕೂತು ಕಾದುತ್ತಿದ್ದಾಗ ಕೃಷ್ಣರಾಜನ ಬಾಣ ತಾಗಿ ಸತ್ತ ಎಂದು. ತಮಿಳು ಶಾಸನಗಳಲ್ಲಿ ರಾಜಾದಿತ್ಯನಿಗೆ ‘ಆನೆಯ ಮೇಲೆ ಮಡಿದ ದೇವ’ ಎಂಬ ಅರ್ಥದ ಬಿರುದೇ ಇದೆ.

ಗಮನಿಸಿ, ಎರಡೂ ಕಡೆಯವರು ಒಪ್ಪುವುದು ಆನೆಯ ವಿಷಯಕ್ಕೆ. ಕೊಂದವನು ಯಾರು ಎಂಬಲ್ಲಿ ಒಪ್ಪುವುದಿಲ್ಲ. ನಮ್ಮ ಕಲ್ಲು ಬೂತುಗ ಎನ್ನುತ್ತದೆ, ಅವರ ತಾಮ್ರಪಟ ಕೃಷ್ಣರಾಜನ ಬಾಣ ಎನ್ನುತ್ತದೆ. ಪ್ರಬಂಧದಲ್ಲಿ ಬರೆಯಬೇಕಾದದ್ದು ಎರಡನ್ನೂ. ನಮ್ಮ ಜಿಲ್ಲೆಯ ಕಲ್ಲು ಎಂದು ನಮ್ಮ ಕಡೆಗೆ ತಕ್ಕಡಿ ಬಾಗಿಸುವ ಹಾಗಿಲ್ಲ.

ಅವಳಿಗೆ ಇದನ್ನು ಹೇಳುವಾಗ ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದೆ. ಮೊದಲನೆಯದು ಕಲ್ಲಿನ ಮೇಲಿರುವ ಅಕ್ಷರ, ಅಂದರೆ ಪಾಠ. ಎರಡನೆಯದು ಅದನ್ನು ಒಬ್ಬರು ಓದಿ ಹೇಳಿದ ಅರ್ಥ. ಮೂರನೆಯದು ಆ ಅರ್ಥದಿಂದ ನಾವು ಕಟ್ಟುವ ಮಾತು. ಬೂತುಗ ಮೋಸಗಾರ ಎಂಬುದು ಮೂರನೇ ಗೆರೆಯದು. ಅದನ್ನು ಮೊದಲನೇ ಗೆರೆಯ ಮೇಲೆ ಬರೆದು ‘ಶಾಸನದಲ್ಲಿದೆ’ ಎಂದುಬಿಟ್ಟರೆ ಓದುವವನಿಗೆ ಬೇರ್ಪಡಿಸುವ ದಾರಿಯೇ ಇರುವುದಿಲ್ಲ. ಪೊಲೀಸ್ ವರದಿಯಲ್ಲೂ ಹೀಗೆಯೇ. ದೂರಿನಲ್ಲಿ ಇರುವುದು ಬೇರೆ, ಇನ್‌ಸ್ಪೆಕ್ಟರ್ ಹೇಳಿದ್ದು ಬೇರೆ, ಟೀ ಅಂಗಡಿಯಲ್ಲಿ ಕೇಳಿದ್ದು ಬೇರೆ.

“ಹಂಗಾರೆ ಶಾಸನದ ಸಾಲು ಹಾಕ್ಬುಟ್ಟು ಕೆಳ್ಗೆ ನಂಬರ್ ಕೊಟ್ರೆ ಆಯ್ತಲ್ಲ?” ಎಂದಳು.

ಅಷ್ಟಕ್ಕೆ ಆಗುವುದಿಲ್ಲ. ಹಳಗನ್ನಡದ ನಾಲ್ಕು ಸಾಲು ತಂದು ಪುಟದಲ್ಲಿ ಇಳಿಸಿ ಮುಂದಕ್ಕೆ ಹೋಗುವುದು ನಮ್ಮ ಪ್ರಬಂಧಗಳ ದೊಡ್ಡ ಚಾಳಿ. ಓದುವವನು ತಾನೇ ಅರ್ಥ ಮಾಡಿಕೊಳ್ಳಲಿ ಎಂಬ ಧೋರಣೆ. ಸಾಲು ಕೊಡುವ ಮೊದಲು ಯಾಕೆ ಕೊಡುತ್ತಿದ್ದೇನೆ ಎಂದು ಹೇಳಬೇಕು, ಕೊಟ್ಟ ಮೇಲೆ ಅದರಲ್ಲಿ ಯಾವ ಪದ ನನ್ನ ಮಾತಿಗೆ ಆಸರೆ ಎಂದು ತೋರಿಸಬೇಕು. ಸಾಕ್ಷಿಯನ್ನು ಕೋರ್ಟಿಗೆ ಕರೆತಂದು ಕಟಕಟೆಯಲ್ಲಿ ನಿಲ್ಲಿಸಿ, ಏನೂ ಕೇಳದೆ ಮನೆಗೆ ಕಳಿಸುವ ವಕೀಲರನ್ನು ಯಾರಾದರೂ ನೋಡಿದ್ದೀರಾ? ಹಾಗೆಯೇ ಇದು. ಬೇಕಾದಷ್ಟು ಮಾತ್ರ ಎತ್ತಿಕೊಳ್ಳಬೇಕು. ನಡುವೆ ಬಿಟ್ಟರೆ ಚುಕ್ಕಿ ಹಾಕಿ ಬಿಟ್ಟಿದ್ದೇನೆ ಎಂದು ತಿಳಿಸಬೇಕು. ಕಲ್ಲು ಸವೆದು ಅಕ್ಷರ ಹೋದ ಕಡೆ ಸಂಪಾದಕರು ಊಹಿಸಿ ತುಂಬಿದ್ದರೆ ಅವರು ಹಾಕಿದ ಕಂಸವನ್ನೂ ಹಾಗೇ ಉಳಿಸಬೇಕು. ಕಂಸ ಕಿತ್ತುಹಾಕಿದರೆ ಊಹೆ ಹೋಗಿ ಶಾಸನವೇ ಆಗಿಬಿಡುತ್ತದೆ.

ಇನ್ನು ನಂಬರಿನ ಕಥೆ. ಇದು ರೈತರಿಗೆ ಬೇಗ ಅರ್ಥವಾಗುತ್ತದೆ, ಯೂನಿವರ್ಸಿಟಿಯವರಿಗಿಂತಲೂ ಬೇಗ.

ಹಳೇ ಮೈಸೂರು ಸೀಮೆಯ ಶಾಸನಗಳನ್ನು ಊರೂರಿನಿಂದ ಸಂಗ್ರಹಿಸಿ ಪುಸ್ತಕ ಮಾಡಿಸಿದವರು ಬಿ.ಎಲ್. ರೈಸ್. ಮಾಲೆಯ ಹೆಸರು ಎಪಿಗ್ರಾಫಿಯಾ ಕರ್ನಾಟಿಕಾ, ಕನ್ನಡದ ಪುಸ್ತಕಗಳಲ್ಲಿ ಚಿಕ್ಕದಾಗಿ ಎ.ಕ. ಅಂತ ಇರುತ್ತದೆ. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ ಇಪ್ಪತ್ತು ವರ್ಷದೊಳಗೆ 12 ಸಂಪುಟ ಬಂದವು. ಜಿಲ್ಲೆಗೊಂದು, ದೊಡ್ಡ ಜಿಲ್ಲೆಗೆ ಎರಡು. ಒಳಗೆ ತಾಲ್ಲೂಕುವಾರು ನಂಬರು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಹಾಗಾಗಿ ನಮ್ಮ ಆತಕೂರು 1894ರ 3ನೇ ಸಂಪುಟದಲ್ಲಿ, ಮೈಸೂರು ಜಿಲ್ಲೆಯಲ್ಲಿ, ಮಂಡ್ಯ ತಾಲ್ಲೂಕಿನ 41ನೇ ನಂಬರಾಗಿ ಕೂತಿದೆ.

1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಈ ಮಾಲೆಯನ್ನು ಮತ್ತೆ ಪರಿಷ್ಕರಿಸಿ ತರಲು ಶುರು ಮಾಡಿತು. ಸಿಗದೇ ಹೋಗಿದ್ದ ಶಾಸನ ಸೇರಿದವು, ಜಿಲ್ಲೆ ತಾಲ್ಲೂಕುಗಳ ಗಡಿ ಬದಲಾಗಿತ್ತು, ನಂಬರುಗಳೂ ಬದಲಾದವು. ಹೊಸ ಮಾಲೆಯಲ್ಲಿ ನಮ್ಮ ಮದ್ದೂರು ತಾಲ್ಲೂಕು 7ನೇ ಸಂಪುಟದಲ್ಲಿದೆ, ನಾಗಮಂಗಲ, ಮಳವಳ್ಳಿಗಳ ಜೊತೆ. ಹಳೆಯ 7ನೇ ಸಂಪುಟ ಯಾವುದು ಗೊತ್ತೇ? ಶಿವಮೊಗ್ಗ ಜಿಲ್ಲೆ.

ಹುಡುಗಿ ಬರೀ ‘ಎ.ಕ. 7’ ಎಂದು ಬರೆದಿದ್ದಳು. ಹಳೆಯ ಸಂಪುಟ ತೆಗೆದು ನೋಡುವವನು ಆತಕೂರು ಹುಡುಕಿಕೊಂಡು ಶಿಕಾರಿಪುರಕ್ಕೆ ಹೋಗಿ ನಿಲ್ಲುತ್ತಾನೆ!

ಪೋಡಿ ಆದ ಜಮೀನು ಇದ್ದವರಿಗೆ ಇದರ ಕಷ್ಟ ಗೊತ್ತು. ತಾತನ ಕಾಲದ ಪತ್ರದಲ್ಲಿ ಒಂದು ಸರ್ವೆ ನಂಬರು, ಈಗಿನ ಪಹಣಿಯಲ್ಲಿ ಇನ್ನೊಂದು, ಮೇಲೆ ಹಿಸ್ಸಾ ಬೇರೆ. ಬರೀ ನಂಬರು ಹೇಳಿದರೆ ಪಕ್ಕದವನ ಹೊಲಕ್ಕೆ ಕಲ್ಲು ನೆಟ್ಟ ಹಾಗೆ. ಯಾವ ವರ್ಷದ ಯಾವ ಪತ್ರದ ನಂಬರು ಎಂದು ಹೇಳಬೇಕು. ಶಾಸನಕ್ಕೂ ಅದೇ ಲೆಕ್ಕ: ಮಾಲೆಯ ಹೆಸರು, ಹಳೆಯದೋ ಪರಿಷ್ಕೃತವೋ, ಸಂಪುಟ, ತಾಲ್ಲೂಕು, ನಂಬರು, ಬೇಕಾದರೆ ಎಷ್ಟನೇ ಸಾಲು. ಹಳೆ ನಂಬರಿಗೆ ಹೊಸ ನಂಬರು ಯಾವುದು ಎಂದು ತೋರಿಸುವ ಪಟ್ಟಿ ಪರಿಷ್ಕೃತ ಸಂಪುಟಗಳಲ್ಲೇ ಇರುತ್ತದೆ. ನೋಡುವ ಸಹನೆ ಬೇಕು, ಅಷ್ಟೆ.

ಕಾಲದ ವಿಷಯಕ್ಕೂ ಹೀಗೆ ಒಂದು ತೊಡಕಿದೆ. ಆತಕೂರು ಕಲ್ಲಿನಲ್ಲಿ ವರ್ಷವನ್ನೇ ಕೊಟ್ಟಿದೆ: ಶಕವರ್ಷ 872, ಸೌಮ್ಯ ಸಂವತ್ಸರ. 78 ಕೂಡಿದರೆ 950 ಬರುತ್ತದೆ. ಆದರೆ ಸೌಮ್ಯ ಸಂವತ್ಸರ ಬೀಳುವುದು 949–50ಕ್ಕೆ. ಅದಕ್ಕೇ ವಿದ್ವಾಂಸರು 949–50 ಎಂದು ಬರೆಯುತ್ತಾರೆ. ಹಲ್ಮಿಡಿ ಕಲ್ಲಿನದು ಇನ್ನೊಂದು ಥರ. ಬೇಲೂರು ತಾಲ್ಲೂಕಿನ ಆ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಕಲ್ಲಿನಲ್ಲಿ ಇಸವಿ ಇಲ್ಲ. 450 ಎಂಬುದು ಲಿಪಿ, ರಾಜರ ಹೆಸರು ನೋಡಿ ವಿದ್ವಾಂಸರು ಕಟ್ಟಿದ ಕಾಲ. ಹಾಗಾಗಿ ‘ಸುಮಾರು 450’ ಎಂದೇ ಬರೆಯಬೇಕು. ಆ ‘ಸುಮಾರು’ ಬಿಟ್ಟರೆ ಜಾಗ ಉಳಿಸಿದ ಹಾಗಾಗುವುದಿಲ್ಲ, ಕಲ್ಲು ಹೇಳದ ಮಾತನ್ನು ಅದರ ಬಾಯಲ್ಲಿ ಹಾಕಿದ ಹಾಗಾಗುತ್ತದೆ.

ಇಷ್ಟೆಲ್ಲ ಒಬ್ಬ ಗೈಡಿನ ಹಟ ಅನಿಸಬಹುದು ನಿಮಗೆ. ನನಗೆ ಅನಿಸುವುದಿಲ್ಲ. ಕೆಲವು ವರ್ಷದ ಹಿಂದೆ ನಾನು ವರದಿಗೆ ಹೋದ ಒಂದು ಊರಿನಲ್ಲಿ ವೀರಗಲ್ಲಿಗೆ ಬೋರ್ಡು ಹಾಕುವ ವಿಷಯಕ್ಕೆ ಎರಡು ಗುಂಪು ಎದ್ದಿದ್ದವು. ಕಲ್ಲಿನ ವೀರ ನಮ್ಮ ಕುಲದವನು ಎಂದು ಎರಡೂ ಕಡೆಯವರ ವಾದ. ಒಂದು ಕಡೆಯವರು ಕರಪತ್ರ ಹಂಚಿದ್ದರು, ಅದರಲ್ಲಿ ‘ಶಾಸನದಲ್ಲಿ ಸ್ಪಷ್ಟವಾಗಿ ಉಲ್ಲೇಖವಿದೆ’ ಎಂದಿತ್ತು. ಮೂರು ದಿನ ಪೊಲೀಸ್ ಬಂದೋಬಸ್ತು, ಶಾಲೆಗೆ ಮಕ್ಕಳನ್ನು ಕಳಿಸಲು ಭಯ. ಶಾಂತಿಸಭೆಯಲ್ಲಿ ಒಬ್ಬ ರಿಟೈರ್ಡ್ ಕನ್ನಡ ಮೇಷ್ಟ್ರು ಎದ್ದು, “ಯಾವ ಸಂಪುಟ, ಎಷ್ಟನೇ ನಂಬರು ಹೇಳಿ ಸ್ವಾಮಿ, ನಾಳೆ ನಾನೇ ಮೈಸೂರಿಗೆ ಹೋಗಿ ನೋಡ್ಕೊಂಡು ಬತ್ತೀನಿ” ಎಂದರು. ಸಭೆ ಗಪ್‌ಚಿಪ್. ಕರಪತ್ರ ಬರೆದವರಿಗೂ ಗೊತ್ತಿರಲಿಲ್ಲ, ಅವರು ಇನ್ಯಾವುದೋ ಕರಪತ್ರ ನೋಡಿ ಬರೆದಿದ್ದರು. ಕಲ್ಲಿನ ಮೇಲೆ ಓದಲು ಬರುವಂಥ ಅಕ್ಷರ ಒಂದೂ ಇರಲಿಲ್ಲ ಎಂಬುದನ್ನು ಆಮೇಲೆ ನಾನೇ ಹೋಗಿ ನೋಡಿದೆ. ಬರೀ ಚಿತ್ರ. ಬೋರ್ಡು ಸದ್ಯಕ್ಕೆ ಬೇಡ ಎಂದು ತೀರ್ಮಾನವಾಯಿತು. ಎರಡು ಗುಂಪಿನವರು ಇನ್ನೂ ಮಾತಾಡುವುದಿಲ್ಲ.

ವಾಟ್ಸಾಪಿನ ವಚನಗಳದೂ ಇದೇ ಗತಿ. ಬೆಳಿಗ್ಗೆ ಎದ್ದರೆ ಬಸವಣ್ಣನವರ ಹೆಸರಿನಲ್ಲಿ ಗುಡ್ ಮಾರ್ನಿಂಗ್. ಅಂಕಿತ ಒಂದು ಸೇರಿಸಿಬಿಟ್ಟರೆ ವಚನ ಆಯಿತು ಎಂದುಕೊಂಡಿದ್ದಾರೆ. ಕರ್ನಾಟಕ ಸರ್ಕಾರವೇ ಸಮಗ್ರ ವಚನ ಸಂಪುಟವನ್ನು 15 ಭಾಗದಲ್ಲಿ ತಂದಿದೆ, ಪ್ರತಿ ವಚನಕ್ಕೂ ನಂಬರಿದೆ. ನಮ್ಮ ಊರ ಲೈಬ್ರರಿಯಲ್ಲಿ ಇದ್ದರೆ ತೆಗೆದು ನೋಡಬಹುದು. ಇರಲಿ, ವಿಷಯಕ್ಕೆ ಬರೋಣ.

ಹುಡುಗಿಯ ಅಧ್ಯಾಯದಲ್ಲಿ ಇನ್ನೊಂದು ದೊಡ್ಡ ಗಾಯ ಇತ್ತು. ಮೂರು ಪುಟದ ಭಾಷೆ ಇದ್ದಕ್ಕಿದ್ದ ಹಾಗೆ ಬದಲಾಗಿತ್ತು. ಅದು ಅವಳ ಭಾಷೆಯಲ್ಲ. ಕೇಳಿದರೆ, ಶೋಧಗಂಗಾದಲ್ಲಿ ಸಿಕ್ಕಿದ ಯಾರದೋ ಪಿಎಚ್‌ಡಿ ಪ್ರಬಂಧದಿಂದ ಎತ್ತಿದ್ದು. ಶೋಧಗಂಗಾ ಎಂದರೆ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಪುಕ್ಕಟೆ ಓದಲು ಇಟ್ಟಿರುವ ಕಡೆ. ಒಳ್ಳೆಯ ವ್ಯವಸ್ಥೆ, ಫೋನಿನಲ್ಲೇ ಓದಬಹುದು. ಇವಳು ಪುಟದ ಜೊತೆಗೆ ಅದರ ಅಡಿಟಿಪ್ಪಣಿಗಳನ್ನೂ ಎತ್ತಿದ್ದಳು. ತಾನು ಕಣ್ಣಲ್ಲಿ ನೋಡದ ಪುಸ್ತಕಗಳನ್ನು ಓದಿದಂತೆ ಪುಟಸಂಖ್ಯೆ ಸಮೇತ ತೋರಿಸಿದ ಹಾಗಾಯಿತು. ಆ ಪಿಎಚ್‌ಡಿಯವರು ಪುಟಸಂಖ್ಯೆ ತಪ್ಪು ಹಾಕಿದ್ದರೆ ಇವಳದೂ ತಪ್ಪು, ಮುಂದೆ ಇವಳಿಂದ ಎತ್ತುವವರದೂ ತಪ್ಪು.

ನಾವು ನೇರವಾಗಿ ನೋಡದ ಪುಸ್ತಕದ ಮಾತು ಬೇಕೇ ಬೇಕು ಅಂದರೆ ಒಂದು ಮರ್ಯಾದಸ್ಥ ದಾರಿ ಇದೆ. ಮೂಲದ ಹೆಸರು ಹೇಳಿ, ‘ಉದ್ಧೃತ’ ಎಂದು ಬರೆದು, ನಾವು ಎಲ್ಲಿ ಓದಿದೆವೋ ಆ ಪುಸ್ತಕ, ಅದರ ಪುಟ ಕೊಡುವುದು. ಇಂಥವರು ಹೀಗೆ ಹೇಳಿದ್ದಾರಂತೆ, ನಾನು ಕೇಳಿದ್ದು ಇವರಿಂದ ಎಂದು ಹಳ್ಳಿಯಲ್ಲಿ ನ್ಯಾಯ ಹೇಳುವಾಗ ಹೇಳುತ್ತಾರಲ್ಲ, ಹಾಗೆ.

ನಮ್ಮ ಹಳೆಯ ಪ್ರಬಂಧಗಳ ಕೊನೆಯಲ್ಲಿ ಪುಸ್ತಕಗಳ ಪಟ್ಟಿಗೆ ‘ಗ್ರಂಥಋಣ’ ಎಂಬ ತಲೆಬರಹ ಇರುತ್ತಿತ್ತು. ನನಗೆ ಬಹಳ ಇಷ್ಟವಾದ ಪದ. ಋಣ ಎಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲ ತರುವುದು ತಪ್ಪಲ್ಲ, ಇಡೀ ಓದೇ ಸಾಲದ ಮೇಲೆ ನಿಂತಿದೆ. ತಂದದ್ದನ್ನು ನಮ್ಮದೇ ಹೊಲದ ಬೆಳೆ ಎಂದು ಮಂಡಿಗೆ ಹಾಕುವುದು ತಪ್ಪು. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂದದ್ದು, ಅವರ ಪಿಎಚ್‌ಡಿ ಪ್ರಬಂಧ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ರಾಶಿ ಶಾಸನ ಓದಿ, ಮಾತು ಮಾತಿಗೂ ಇದು ಇಂಥ ಶಾಸನದಿಂದ ಎಂದು ತೋರಿಸುತ್ತಾ ಹೋಗಿದ್ದಾರೆ. ಅವರ ತೀರ್ಮಾನ ಒಪ್ಪದವರಿಗೂ ಆ ಪುಸ್ತಕ ಬೇಕಾಗುತ್ತದೆ, ಯಾಕೆಂದರೆ ಅವರ ಜೊತೆ ಜಗಳವಾಡಲು ಬೇಕಾದ ವಿಳಾಸವನ್ನು ಅವರೇ ಕೊಟ್ಟಿದ್ದಾರೆ. ಆ ಪುಸ್ತಕದ ಯಾವುದಾದರೂ ಹತ್ತು ಪುಟದ ಟಿಪ್ಪಣಿಗಳನ್ನು ಮಾತ್ರ ಓದು ಎಂದು ಹುಡುಗಿಗೆ ಹೇಳಿದೆ. ಪಠ್ಯ ಆಮೇಲೆ ಓದಿದರಾಯಿತು.

ನಕಲಿಗೆ ಈಗ ಕಾನೂನೂ ಇದೆ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮ ತಂದಿತು. ಸಾಫ್ಟ್‌ವೇರ್ ಹಾಕಿ ನೋಡಿದಾಗ ಶೇ 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ. ಶೇ 10ರಿಂದ 40 ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಮತ್ತೆ ಕೊಡಬೇಕು. ಶೇ 40ರಿಂದ 60ಕ್ಕೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವ ಹಾಗಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಹೆಸರು ಹೇಳಿ ಎತ್ತಿಕೊಂಡ ಮಾತು, ಕೊನೆಯ ಪುಸ್ತಕ ಪಟ್ಟಿ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಅಡಿಟಿಪ್ಪಣಿ ಹಾಕಿದವರನ್ನು ಆ ನಿಯಮವೇ ಕಾಯುತ್ತದೆ. ಆರು ತಿಂಗಳು ಎಂದರೆ ಊರಿನ ಲೆಕ್ಕದಲ್ಲಿ ಎಷ್ಟು ಎಂದು ಹುಡುಗಿಯ ಅಪ್ಪನನ್ನು ಕೇಳಿ. ಮದುವೆ ಮಾತು ಎತ್ತಲು ನೆಂಟರಿಗೆ ಅಷ್ಟು ಬಿಡುವು ಸಾಕು.

ಅವಳ ಗೆಳತಿಯೊಬ್ಬಳು ಇನ್ನೂ ಚುರುಕು. ಫೋನಿನಲ್ಲಿ ಎಐ ಆಪ್‌ಗೆ ಕೇಳಿ ಪುಸ್ತಕಗಳ ಹೆಸರು ಬರೆಸಿಕೊಂಡಿದ್ದಳು. ಲೇಖಕರ ಹೆಸರು, ಪ್ರಕಾಶನ, ಇಸವಿ, ಪುಟ, ಎಲ್ಲ ಅಚ್ಚುಕಟ್ಟು. ಒಂದನ್ನು ಹುಡುಕಿ ನೋಡಿದೆವು, ಅಂಥ ಪುಸ್ತಕ ಎಲ್ಲೂ ಪತ್ತೆಯಾಗಲಿಲ್ಲ. ಯಂತ್ರಕ್ಕೆ ಪುಸ್ತಕದ ಹೆಸರು ಹೇಗಿರುತ್ತದೆ ಎಂದು ಗೊತ್ತು, ಇದೆಯೋ ಇಲ್ಲವೋ ಎಂಬುದು ಅದಕ್ಕೆ ದೊಡ್ಡ ವಿಷಯವಲ್ಲ. ನಕಲಿ ಛಾಪಾ ಕಾಗದದ ಥರ. ಸೀಲು ಸಹಿ ಎಲ್ಲ ಇರುತ್ತದೆ, ಜಮೀನು ಮಾತ್ರ ಇರುವುದಿಲ್ಲ.

ಮೂರು ವಾರದಲ್ಲಿ ಹುಡುಗಿ ಎರಡು ಸಲ ಮೈಸೂರಿಗೆ ಹೋಗಿ ಸಂಪುಟಗಳನ್ನು ಕೈಯಲ್ಲಿ ಹಿಡಿದು ನೋಡಿ ಬಂದಳು. ಮೂರು ಪುಟದ ಎರವಲು ತೆಗೆದು ಮುಕ್ಕಾಲು ಪುಟದಲ್ಲಿ ತನ್ನ ಮಾತಿನಲ್ಲಿ ಬರೆದಳು, ಋಣ ಹೇಳಿದಳು. ಮುಧೋಳ ಹೋಯಿತು. ಬೂತುಗನ ವಾಕ್ಯ ಈಗ ಒಂದು ಪ್ಯಾರಾ ಆಗಿದೆ: ಕಲ್ಲು ಹೇಳುವುದು ಇದು, ಫ್ಲೀಟ್ ಮೊದಲು ಹೀಗೆ ಓದಿದರು, ಆಮೇಲೆ ಹೀಗೆ ತಿದ್ದಿದರು, ಚೋಳರ ತಾಮ್ರಪಟ ಹೀಗೆನ್ನುತ್ತದೆ. ಮೊದಲಿಗಿಂತ ಉದ್ದವಾಯಿತು ಎಂದು ಅವಳ ತಕರಾರು. ಗೈಡ್ ಆ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸರಿ ಗುರುತು ಹಾಕಿದರಂತೆ. ಮಾತೇನೂ ಆಡಲಿಲ್ಲವಂತೆ.

ಉಳಿದದ್ದು ನಮ್ಮೂರ ಕೆರೆ ಏರಿಯ ಪಕ್ಕದ ಕಲ್ಲು. ಅದು ಯಾವ ಸಂಪುಟದಲ್ಲೂ ಇಲ್ಲ. ಅಕ್ಷರವಿಲ್ಲ. ಕುದುರೆ ಮೇಲೊಬ್ಬ, ಕೆಳಗೆ ದನಗಳ ಸಾಲು, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಹೆಂಗಸರು. ತುರುಗೋಳಿನ ಕಲ್ಲು, ದನ ಬಿಡಿಸಲು ಹೋಗಿ ಸತ್ತವನದು. ನಂಬರಿಲ್ಲದ ಕಲ್ಲನ್ನು ಪ್ರಬಂಧದಲ್ಲಿ ಹೇಗೆ ತೋರಿಸುವುದು ಎಂದು ಕೇಳಿದಳು. ಕ್ಷೇತ್ರಕಾರ್ಯ ಎಂದು ಬರೆದು, ಊರು, ಜಾಗ, ನೋಡಿದ ತಾರೀಖು, ಕಲ್ಲಿನ ಎತ್ತರ ಅಗಲ ಕೊಟ್ಟು ಫೋಟೋ ಹಾಕು, ಅಕ್ಷರವಿಲ್ಲ ಎಂಬುದನ್ನೂ ಬರೆ ಎಂದೆ. ಟೇಪು ಹಿಡಿದುಕೊಂಡು ನಾನೂ ಹೋದೆ.

ಅಳೆಯುತ್ತಿದ್ದಾಗ ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಅಜ್ಜಿ ಹತ್ತಿರ ಬಂದರು. ಅವರ ಅತ್ತೆ ಹೇಳುತ್ತಿದ್ದ ಕಥೆ ಅವರಿಗೆ ಗೊತ್ತು. ಆ ವೀರ ನಮ್ಮೂರಿನವನೇ ಅಲ್ಲ, ಮಾವನ ಮನೆಗೆ ಹಬ್ಬಕ್ಕೆ ಬಂದಿದ್ದವನು, ಬೇರೆಯವರ ದನಕ್ಕಾಗಿ ಹೋದ ಎಂದು ಅರ್ಧ ಗಂಟೆ ಹೇಳಿದರು. ಹುಡುಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಜಾನಪದದ ಪ್ರಬಂಧಗಳಲ್ಲಿ ಹೀಗೆ ಹೇಳಿದವರನ್ನು ‘ವಕ್ತೃ’ ಎನ್ನುತ್ತಾರೆ. ಹೆಸರು, ವಯಸ್ಸು, ಊರು, ಹೇಳಿದ ದಿನ ಬರೆಯುವುದು ಪದ್ಧತಿ. ಕಥೆ ನಿಜವೋ ಅಲ್ಲವೋ ಎಂಬುದು ಬೇರೆ ಮಾತು. ಇಂಥ ದಿನ ಇಂಥವರು ಹೀಗೆ ಹೇಳಿದರು ಎಂಬುದಷ್ಟು ನಿಜ.

“ಅಜ್ಜಿ, ನಿಮ್ ಹೆಸ್ರು ನನ್ ಪುಸ್ತಕದಲ್ಲಿ ಹಾಕ್ಬೋದಾ?” ಎಂದು ಕೇಳಿದಳು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅತ್ತೇದೂ ಹಾಕ್ತೀಯಾ? ಹೇಳಿದ್ದು ಅವ್ಳಲ್ವಾ?” ಎಂದರು.

ಹಾಕ್ತೀನಿ ಎಂದಳು.

“ಹಂಗಾರೆ ಹಾಕು. ನಂದು ಮಾತ್ರ ಸರ್ಯಾಗ್ ಬರ್ಕೊ ಕೂಸೇ, ರೇಷನ್ ಕಾರ್ಡಲ್ಲಿ ತಪ್ಪಾಗೋಗೈತೆ.”

ಏರಿ ಮೇಲೆ ಕೂತು ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಬರೆದುಕೊಂಡಳು. ಅತ್ತೆಯ ಹೆಸರು ಮೊದಲು, ಸೊಸೆಯದು ಆಮೇಲೆ.